ಈಗ ಮನ್ಯಾಗ ಏನ ಹಚ್ಚೀರಿ?

ನಮ್ಮ ಸೀಮೆಯಲ್ಲಿ ಹಾಡನ್ನು ‘ಹಾಕು’ ಎನ್ನುವವರು ಕಡಿಮೆ, ‘ಹಚ್ಚು’ ಎನ್ನುತ್ತೇವೆ. ದೀಪ ಹಚ್ಚುತ್ತೇವೆ, ಒಲೆ ಹಚ್ಚುತ್ತೇವೆ, ಮೆಣಸಿನ ಸಸಿ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ. ಅದೇ ಮಾತು ಟೇಪಿಗೂ ಬಂತು. ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಗೆಳೆಯ ಸಿಕ್ಕರೆ ಮಳೆ ಆಯಿತೋ ಇಲ್ಲವೋ, ಹತ್ತಿಗೆ ಏನು ದರ, ಮಗಳ ಮದುವೆ ಎಲ್ಲಿಗೆ ಬಂತು ಎಂಬುದೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿದಿರುತ್ತದೆ: “ಮತ್ತ, ಈಗ ಮನ್ಯಾಗ ಏನ ಹಚ್ಚೀರಿ?” ಈ ಪ್ರಶ್ನೆಯನ್ನು ಎಲ್ಲರೂ ಕೇಳುವುದಿಲ್ಲ. ಕೇಳಿದವನು ನಮ್ಮವನು.

ನನ್ನ ಬದುಕಿನಲ್ಲಿ ಈ ಪ್ರಶ್ನೆ ಕೇಳುತ್ತಿದ್ದವರು ಮೂರು ಜನ. ಕಿತ್ತೂರಿನಲ್ಲಿ ನನಗೆ ಕಲಿಸಿದ ಮಾಸ್ತರರು. ಸವದತ್ತಿಯಲ್ಲಿ ಕಾಲೇಜಿನ ಗೆಳೆಯ. ರಾಮದುರ್ಗದಲ್ಲಿ ನೇಕಾರಿಕೆ ಮಾಡುತ್ತಿದ್ದ ಸೋದರಮಾವ. ನಮ್ಮ ಬೈಲಹೊಂಗಲವೂ ಸೇರಿ ಟೇಪುಗಳು ಈ ನಾಲ್ಕು ಊರುಗಳ ನಡುವೆ ಬಸ್ಸಿನಲ್ಲಿ ತಿರುಗುತ್ತಿದ್ದವು. ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಗುರುತಿನ ಕಂಡಕ್ಟರರ ಕೈಗೆ ಕೊಟ್ಟರೆ ಸಂಜೆಗೆ ಮುಟ್ಟುತ್ತಿತ್ತು. ಜೊತೆಗೊಂದು ಚೀಟಿ. ಇದನ್ನು ನಸುಕಿನಲ್ಲಿ ಕೇಳು, ಎರಡನೇ ಬದಿಯಿಂದ ಶುರು ಮಾಡು, ಎಂಟು ದಿನ ಇಟ್ಟುಕೋ, ಅವಸರ ಬೇಡ. ಆ ಚೀಟಿಗಳಲ್ಲಿ ಕೆಲವು ಇನ್ನೂ ನನ್ನ ಹತ್ತಿರ ಇವೆ.

ಮಾಸ್ತರರು ಮಲ್ಲಿಕಾರ್ಜುನ ಮನ್ಸೂರರನ್ನು ಹಚ್ಚಿದರೆಂದರೆ ಮೂರು ತಿಂಗಳು ಮತ್ತೇನೂ ಹಚ್ಚುತ್ತಿರಲಿಲ್ಲ. ಅದೂ ಒಂದೇ ರಾಗ. ಒಂದು ಚಳಿಗಾಲ ಪೂರ್ತಿ ಶಿವಮತ ಭೈರವ ಕೇಳಿದ್ದನ್ನು ನಾನು ಬಲ್ಲೆ. ಬೆಳಗಿನ ಐದೂವರೆಗೆ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಟೇಪಿನ ಗುಂಡಿ ಒತ್ತುತ್ತಿದ್ದರು. ಒಮ್ಮೆ ನಾನು “ಬ್ಯಾರೇದು ಹಚ್ಚರಿ ಸರ್” ಎಂದೆ. ಅವರು ಸಿಟ್ಟಾಗಲಿಲ್ಲ. “ಅವರು ಒಂದು ಆವರ್ತನಕ್ಕ ಒಂದ ಸರತಿ ಹೊಸಾ ದಾರೀಲೆ ಸಮ್‌ಗೆ ಬರ್ತಾರ ತಮ್ಮಾ. ನಾ ಇನ್ನೂ ಎಲ್ಲಾ ದಾರಿ ನೋಡಿಲ್ಲ” ಎಂದರು. ಮನ್ಸೂರರು ಮೊದಲು ಮಿರಜದ ನೀಲಕಂಠಬುವಾ ಅಲೂರಮಠರಲ್ಲಿ ಗ್ವಾಲಿಯರ್ ಪದ್ಧತಿ ಕಲಿತವರು. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ, ಭುರ್ಜಿಖಾನರಿಂದ ಜೈಪುರ-ಅತ್ರೌಲಿಯ ಗಾಯಕಿ ಪಡೆದವರು. ಆ ಘರಾಣೆಯಲ್ಲಿ ಆಲಾಪ ನಿಂತು ವಿಶ್ರಮಿಸುವುದಿಲ್ಲ, ಒಂದು ಸ್ವರದ ಮಾತು ಮುಗಿಯುವ ಮೊದಲೇ ಮತ್ತೊಂದು ಅದರ ಕೈ ಹಿಡಿದಿರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ, ಮಾಸ್ತರರ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತು ತಿಳಿದದ್ದು.

ಅವರ ಟೇಪುಗಳಲ್ಲಿ ಅಂಗಡಿಯವು ಕಡಿಮೆ, ಆಕಾಶವಾಣಿಯವು ಹೆಚ್ಚು. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು. ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಕಿತ್ತೂರಿನಿಂದ ಧಾರವಾಡ ಮೂವತ್ತು ಕಿಲೋಮೀಟರ್ ಹತ್ತಿರ, ರೇಡಿಯೋ ಸ್ವಚ್ಛವಾಗಿ ಹಿಡಿಯುತ್ತಿತ್ತು. ರಾತ್ರಿ ಕಛೇರಿ ಇದೆ ಎಂದು ಗೊತ್ತಾದರೆ ಮನೆಯವರೆಲ್ಲ ಬೇಗ ಉಂಡು, ಭಾಂಡೆ ತೊಳೆದು, ಸುಮ್ಮನಾಗಬೇಕು. ರೇಡಿಯೋದ ಬಾಯಿಗೆ ಟೇಪ್‌ರೆಕಾರ್ಡರನ್ನು ಇಟ್ಟು ಎರಡೂ ಗುಂಡಿ ಒಟ್ಟಿಗೆ ಒತ್ತುವುದು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಮೂವತ್ತು ನಿಮಿಷ. ಮಗುಚಿ ಹಾಕುವಷ್ಟರಲ್ಲಿ ಒಂದು ತಾನ್ ಹೋಗಿಯೇ ಹೋಗುತ್ತಿತ್ತು. ಅಂಥ ಒಂದು ಟೇಪಿನಲ್ಲಿ ದ್ರುತ್ ಏರುವ ಹೊತ್ತಿಗೆ ಹಿತ್ತಲಿನ ಎಮ್ಮೆ ಒದರುತ್ತದೆ. ಸ್ವಚ್ಛ ಮಾಡಿದ ಧ್ವನಿಮುದ್ರಿಕೆಗಳು ಈಗ ಎಷ್ಟೋ ಸಿಗುತ್ತವೆ. ನನಗೆ ಆ ಎಮ್ಮೆ ಬೇಕು. ಅದು ಒದರಿದ ಕ್ಷಣದಲ್ಲಿ ಮಾಸ್ತರರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದು ಟೇಪಿನಲ್ಲಿ ಬಿದ್ದಿಲ್ಲ, ನನ್ನ ನೆನಪಿನಲ್ಲಿ ಬಿದ್ದಿದೆ.

ಸವದತ್ತಿಯ ಗೆಳೆಯನ ದಾರಿ ಬೇರೆ. ಅವನಿಗೆ ಕಂಪನಿ ನಾಟಕದ ಹಾಡಿನ ಹುಚ್ಚು. ಅವರ ತಾಲ್ಲೂಕಿನ ಏಣಗಿಯಲ್ಲೇ ಬಾಳಪ್ಪನವರು ಹುಟ್ಟಿದ್ದು, 1914ರಲ್ಲಿ. 2017ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ತಿರುಗಿ, ಬಸವೇಶ್ವರನ ಪಾತ್ರದಲ್ಲಿ ಜನರಿಂದ ಕೈ ಮುಗಿಸಿಕೊಂಡ ನಟ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಮುಟ್ಟಬೇಕಾಗಿದ್ದ ಕಂಠಗಳು ಅವು. ಗೆಳೆಯನ ಅಜ್ಜ ಕೀಲಿ ಕೊಡುವ ಗ್ರಾಮಫೋನು ಇಟ್ಟಿದ್ದರು. ಅರಗಿನ ಪ್ಲೇಟಿನ ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗ ಹುಟ್ಟಬೇಕು, ಬೆಳೆಯಬೇಕು, ಮುಗಿಯಬೇಕು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ಪ್ಲೇಟುಗಳನ್ನು ಕೇಳಿದವರಿಗೆ ಆಶ್ಚರ್ಯವಾಗುತ್ತದೆ: ದನಿ ತೆಳು, ಹರೆಯದ್ದು. ನಾವು ಬಲ್ಲ ಆ ಗಂಭೀರ ಕಂಠ ಆಮೇಲೆ ಬಂದದ್ದು. ಮೂರು ನಿಮಿಷದ ಶಿಸ್ತು ನಮ್ಮ ಹಾಡುಗಾರರಿಗೆ ಒಳ್ಳೆಯದನ್ನೇ ಮಾಡಿತೆಂದು ಗೆಳೆಯ ವಾದಿಸುತ್ತಾನೆ. ಕೊರೆದ ಆಭರಣದ ಹಾಗೆ ಎನ್ನುತ್ತಾನೆ. ನಾನು ಒಪ್ಪುವುದಿಲ್ಲ. ಖ್ಯಾಲಿಗೆ ಹೊಲದಷ್ಟು ಜಾಗ ಬೇಕು. ಮೂವತ್ತು ವರ್ಷದಿಂದ ಈ ವಾದ ನಡೆದಿದೆ.

ಈಗ ಅವನು ಹಚ್ಚುವುದು ಚೌಡಿಕೆ ಪದ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ತುಂಬಿದಾಗ, ಚಕ್ಕಡಿ ಬಿಟ್ಟು ಕೂತ ಜನರ ನಡುವೆ ಜೋಗತಿಯರು ಹಾಡುವುದನ್ನು ಅವರ ಒಪ್ಪಿಗೆ ಕೇಳಿಯೇ ತುಂಬಿಕೊಂಡು ಬರುತ್ತಾನೆ. ಒಂದೇ ತಂತಿ, ಕಟ್ಟಿಗೆಯ ಕೊಳಗ, ಆಡಿನ ತೊಗಲು. ಅಷ್ಟರಲ್ಲೇ ರೇಣುಕೆಯ ಕಥೆ ಇಡೀ ರಾತ್ರಿ ನಡೆಯುತ್ತದೆ. ಹೋದ ವರ್ಷ ಅವನು ನನಗೆ ಕೊಟ್ಟದ್ದರಲ್ಲಿ ಒಬ್ಬ ಮುದುಕಿಯ ದನಿ ಇದೆ. ಷಡ್ಜ ಎಲ್ಲಿ ಇಟ್ಟಳೋ ಅಲ್ಲಿಂದ ಒಂದು ಕೂದಲೆಳೆ ಸರಿಯಲಿಲ್ಲ. ಅದನ್ನು ಮಾಸ್ತರರಿಗೆ ಕೇಳಿಸಿದೆ. ಕೇಳಿ ಮುಗಿದ ಮೇಲೆ “ಈಕಿಗೆ ಯಾರು ಕಲಿಸಿದ್ರು?” ಎಂದು ಕೇಳಿ, ಮತ್ತೊಮ್ಮೆ ಹಚ್ಚಿಸಿದರು.

ನಮ್ಮ ಬೈಲಹೊಂಗಲದ ಓಣಿಯಲ್ಲಿ ಎಲ್ಲರೂ ಹಚ್ಚುತ್ತಿದ್ದದ್ದು ‘ಸಂಗ್ಯಾ ಬಾಳ್ಯಾ’. ನಮ್ಮೂರಲ್ಲೇ ನಡೆದ ಕಥೆಯೆಂದು ನಂಬಿ ಬೆಳೆದವರು ನಾವು. ಆ ಸಣ್ಣಾಟದ ಕ್ಯಾಸೆಟ್ಟು ಒಂದು ಮನೆಯಲ್ಲಿ ಶುರುವಾದರೆ ಕಟ್ಟೆಯ ಮೇಲೆ ಹತ್ತು ಜನ ಕೂಡುತ್ತಿದ್ದರು. ಅವ್ವ ಅಕ್ಕಿ ಆರಿಸುತ್ತ ಕೇಳುವಳು. ಬಾಳ್ಯಾ ಗೆಳೆಯನಿಗೆ ಎರಡು ಬಗೆದ ಕಡೆಗೆ ಬಂದಾಗ ಮರ ಕೆಳಗಿಟ್ಟು “ಹಾಳಾಗ್ಯಾನ ಇಂವಾ” ಎನ್ನುವಳು, ಪ್ರತಿ ಸಲವೂ. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ಲಾವಣಿಗಳು ಅಕ್ಟೋಬರಿನಲ್ಲಿ ಹೊರಬರುತ್ತಿದ್ದವು. 1824ರ ಅಕ್ಟೋಬರ್ 23ರ ಗೆಲುವಿನ ನೆನಪಿಗೆ ಕಿತ್ತೂರಿನಲ್ಲಿ ಉತ್ಸವ ನಡೆಯುವ ದಿನಗಳವು. ಚೆನ್ನಮ್ಮನ ಸಮಾಧಿ ನಮ್ಮೂರಲ್ಲಿದೆ. ಗೀಗೀ ಮೇಳದ ಹಿಮ್ಮೇಳದವರು ದನಿ ಎತ್ತಿದಾಗ, ದಪ್ಪು-ತುಂತುಣಿ ಒಟ್ಟಿಗೆ ಬಿದ್ದಾಗ, ಇತಿಹಾಸದ ಪಾಠಕ್ಕೆ ನಿದ್ದೆ ಮಾಡುತ್ತಿದ್ದ ಹುಡುಗರೂ ನೆಟ್ಟಗೆ ಕೂಡುತ್ತಿದ್ದರು.

ರಾಮದುರ್ಗದ ಮಾವನ ಮಾತು ಹೇಳಬೇಕು. ದಿನವಿಡೀ ಮಗ್ಗದ ಖಟಖಟದಲ್ಲಿ ಇದ್ದವನಿಗೆ ಕಿವಿ ಮೊಂಡಾಗಿರಬೇಕು ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಅಮವಾಸ್ಯೆಗೆ ಮಗ್ಗ ನಿಲ್ಲಿಸುತ್ತಿದ್ದ. ಆ ದಿನ ಮನೆಯ ಮೌನವೇ ಬೇರೆ. ಜಳಕ ಮಾಡಿ ಬಂದು ಭಜನಿ ಟೇಪು ಹಚ್ಚುವನು. ಅವನ ಮಂಡಳಿ ನಿಜಗುಣರ, ಕಡಕೋಳ ಮಡಿವಾಳಪ್ಪನ, ಶಿಶುನಾಳ ಶರೀಫರ ಪದಗಳನ್ನು ಸೋಮವಾರ ರಾತ್ರಿ ಹಾಡುತ್ತಿತ್ತು. ಸಿ. ಅಶ್ವತ್ಥರು ಹಾಡಿದ ಶರೀಫರ ಕ್ಯಾಸೆಟ್ಟನ್ನು ನಾನು ಒಯ್ದು ಕೊಟ್ಟಾಗ ಪೂರ್ತಿ ಕೇಳಿ, “ಭಾಳ ಛಲೋ ಐತಿ. ಆದ್ರ ಇದು ನಿಂತು ಹಾಡೂದು. ನಮ್ಮದು ಕುಂತು ಹಾಡೂದು” ಎಂದ. ಇಡೀ ನಾಡಿಗೆ ಶರೀಫರನ್ನು ಮುಟ್ಟಿಸಿದವರು ಅಶ್ವತ್ಥರು, ಆ ಉಪಕಾರ ದೊಡ್ಡದು. ಆದರೆ ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಪೇಟಿ ಇಟ್ಟುಕೊಂಡು ಕುಂತು ಹಾಡುವ ಧಾಟಿಗಳು ಓಣಿಗೊಂದು ಇದ್ದವು. ಅವು ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಮಾವನಂಥವರ ಟ್ರಂಕಿನಲ್ಲಿ ಮಾತ್ರ ಇವೆ.

ಆ ಟ್ರಂಕಿನ ಒಂದು ಟೇಪನ್ನು ನಾನೇ ಕೆಡಿಸಿದೆ. ನಮ್ಮ ಅಜ್ಜಿ, ಅಂದರೆ ಮಾವನ ತಾಯಿ, ಬೀಸುವ ಪದ ಹಾಡಿದ್ದನ್ನು ಮಾವ ತುಂಬಿ ಇಟ್ಟಿದ್ದ. ಮೇಲೆ ಹೆಸರು ಬರೆದಿರಲಿಲ್ಲ, ಮತ್ತೆ ತುಂಬಲು ಬಾರದಂತೆ ಮುರಿಯುವ ಮೂಲೆಯ ಪ್ಲಾಸ್ಟಿಕ್ ಹಲ್ಲನ್ನೂ ಮುರಿದಿರಲಿಲ್ಲ. ಖಾಲಿ ಎಂದುಕೊಂಡು ಅದರ ಮೇಲೆ ಸಿನಿಮಾ ಹಾಡು ತುಂಬಿದೆ. ಆಗ ನನಗೆ ಹದಿನಾರು. ಅಜ್ಜಿ ತೀರಿ ಎರಡು ವರ್ಷವಾಗಿತ್ತು. ಗೊತ್ತಾದಾಗ ಮಾವ ಬೈಯಲಿಲ್ಲ, ಟೇಪನ್ನು ತಿರುವಿ ನೋಡಿ ಪೆಟ್ಟಿಗೆಯಲ್ಲಿಟ್ಟ. ಕೊನೆಯ ಹಾಡು ಮುಗಿದ ಮೇಲೆ ಅರ್ಧ ನಿಮಿಷ ಅಜ್ಜಿ ಉಳಿದಿದ್ದಾಳೆ: ಕಲ್ಲಿನ ಗುರ್ ಎನ್ನುವ ಸದ್ದು, ಒಂದು ಉಸಿರು, ಪದದ ತುದಿ. ನಾನು ಈಗ ಅತಿ ಹೆಚ್ಚು ಸಲ ಹಚ್ಚುವುದು ಆ ಅರ್ಧ ನಿಮಿಷವನ್ನು.

ಈ ಮಳೆಗಾಲ ಮನೆಯಲ್ಲಿ ಕುಮಾರ ಗಂಧರ್ವರು. ನಮ್ಮದೇ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, 1924ರ ಏಪ್ರಿಲ್ 8ರಂದು ಹುಟ್ಟಿದವರು. ಕ್ಷಯದಿಂದ 1948ರಲ್ಲಿ ದೇವಾಸಕ್ಕೆ ಹೋಗಿ, ಹಾಡಲಾಗದೆ ಮಲಗಿದ್ದಾಗ ಮಾಳವದ ಹೆಂಗಸರ ಹಾಡು ಕೇಳಿ ಕೇಳಿ ಬೇರೆಯೇ ಸಂಗೀತಗಾರರಾಗಿ ಎದ್ದರು. ಅವರ ಮಳೆಹಾಡುಗಳ ‘ಗೀತ ವರ್ಷಾ’ ಕೇಳುವಾಗ ನನಗೆ ಮಾಳವ ಕಾಣುವುದಿಲ್ಲ, ಮಲಪ್ರಭೆಯ ಎರೆಹೊಲ ಕಾಣುತ್ತದೆ. ಎಳವೆಯಲ್ಲಿ ಕಿವಿಗೆ ಬಿದ್ದದ್ದು ಎಲ್ಲಿಗೆ ಹೋದರೂ ಹೋಗುವುದಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. 1992ರ ಜನವರಿ 12ಕ್ಕೆ ಅವರು ಹೋದರು, ಅದೇ ವರ್ಷ ಸೆಪ್ಟೆಂಬರ್ 12ಕ್ಕೆ ಮನ್ಸೂರರು. ಹಿಂದಿನ ವರ್ಷ ಬಸವರಾಜ ರಾಜಗುರುಗಳು ಹೋಗಿದ್ದರು. ಆ ಎರಡು ವರ್ಷ ನಮ್ಮ ನಾಲ್ಕು ಊರುಗಳ ನಡುವೆ ಟೇಪು ತಿರುಗಿದಷ್ಟು ಮತ್ತೆಂದೂ ತಿರುಗಲಿಲ್ಲ.

ಮೊಮ್ಮಕ್ಕಳು ಫೋನಿಗೆ ಹಾಡು ಕಳಿಸುತ್ತಾರೆ, ಕೇಳುತ್ತೇನೆ, ಸಂತೋಷಪಡುತ್ತೇನೆ. ಆದರೂ ಒಂದು ಹಾಡು ನನ್ನದಾಗಲು ಎದುರಿಗೆ ಒಬ್ಬರು ಕೂತಿರಬೇಕು. ಅವರ ಕತ್ತು ಎಲ್ಲಿ ಆಡಿತು, ಎಲ್ಲಿ ಕಣ್ಣು ಮುಚ್ಚಿದರು ಎಂಬುದನ್ನು ನೋಡಿದಾಗಲೇ ನಾನು ಅಷ್ಟು ದಿನ ಕೇಳದೇ ಬಿಟ್ಟದ್ದು ಕೇಳುತ್ತದೆ.

ಮಾವ ಈಗಿಲ್ಲ. ಅವನ ಅರವತ್ತೆರಡು ಟೇಪುಗಳಲ್ಲಿ ಹದಿನೇಳಕ್ಕೆ ಬಿಳಿ ಬೂಷ್ಟು ಹತ್ತಿದೆ. ಉಳಿದವನ್ನು ಸವದತ್ತಿಯ ಗೆಳೆಯನೂ ನಾನೂ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ. ನಿಮ್ಮ ಅಟ್ಟದ ಮೇಲೆ, ಅಲಮಾರಿನ ಕೆಳಗೆ ಅಂಥ ಟೇಪುಗಳಿದ್ದರೆ ಬಿಸಿಲಿರುವ ಕಾಲದಲ್ಲೇ ತೆಗೆದು ನೋಡಿರಿ. ಹಾಡಿದವರ ಹೆಸರು, ಊರು, ನೆನಪಿದ್ದರೆ ವರ್ಷ ಮೇಲೆ ಬರೆಯಿರಿ. ಮೂಲೆಯ ಹಲ್ಲು ಮುರಿಯಿರಿ. ಕೇಳುವ ಯಂತ್ರ ಇಲ್ಲದಿದ್ದರೆ ಬೈಲಹೊಂಗಲಕ್ಕೆ ತನ್ನಿರಿ. ನಮ್ಮದು ಇನ್ನೂ ನಡೆಯುತ್ತದೆ.