ನನ್ನ ಪೆಟ್ಟಿಗೆ ಎಲ್ಲಿ?

ನಾನು ಬಿ.ಎ., ಬಿ.ಎಡ್. ಮಾಡುವ ಕಾಲಕ್ಕೆ ಕಂಪ್ಯೂಟರನ್ನು ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಅಂಥವಳು ಐವತ್ತು ದಾಟಿದ ಮೇಲೆ ಒಂದೇ ಕಂಪ್ಯೂಟರಿನಲ್ಲಿ ಹಳೆಯ ತೆರೆಯನ್ನೂ ಹೊಸ ತೆರೆಯನ್ನೂ ಅಕ್ಕಪಕ್ಕ ಕೂರಿಸಿದೆನೆಂದರೆ ನಗಬೇಡಿ. ಕಾರಣ ನಮ್ಮ ಮನೆಯವರು.

ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಕಡೆ ನಮ್ಮ ಮನೆ. ಅಡಿಕೆಯ ಲೆಕ್ಕವೆಲ್ಲ ಅವರದೇ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದ ನನ್ನ ಅಕ್ಕ 2010ರ ಸುಮಾರಿಗೆ ಕೊಟ್ಟ ಲಿನಕ್ಸ್ ಸೀಡಿಯಿಂದ ಅವರು ಕಂಪ್ಯೂಟರ್ ಕಲಿತದ್ದು. ಕೇರಳದ ಶಾಲೆಗಳಲ್ಲಿ ಆಗಲೇ ಅದರ ಪಾಠ ನಡೆಯುತ್ತಿತ್ತು. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಎಡ ಮೂಲೆಯಲ್ಲಿ ಮೂರು ಮೆನು. ಅದು ಗ್ನೋಮ್ 2. ಕನ್ನಡ ಬರೆಯಲು ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ.

ನಾಲ್ಕು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮುಕ್ಕಾಲು ಮರಳಿತು, ಬಲಗೈ ಅರ್ಧ. ದೀಪಾವಳಿಗೆ ಬಂದ ಮಗ, "ಹಳೆಯದು ಸುರಕ್ಷಿತ ಅಲ್ಲ ಅಮ್ಮ" ಎಂದು ಹೊಸ ಉಬುಂಟು ಹಾಕಿ ಹೋದ. ಅವನು ಹೇಳಿದ್ದು ಸರಿಯೇ. ಆದರೆ ಮರುದಿನ ಇವರು ತೆರೆಯನ್ನು ನೋಡುತ್ತ ಸುಮ್ಮನೆ ಕೂತುಬಿಟ್ಟರು. "ನನ್ನ ಪೆಟ್ಟಿಗೆ ಎಲ್ಲಿ?" ಎಂದರು. ಫೋಲ್ಡರಿಗೆ ಅವರ ಹೆಸರು ಅದು. ತೋರಿಸಿಕೊಟ್ಟೆ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ಮೂರನೆಯ ದಿನ ಕೇಳಲಿಲ್ಲ. ಅಡಿಕೆ ಮಾರಿದ ಚೀಟಿಗಳನ್ನು ನನ್ನ ಮುಂದಿಟ್ಟು, "ಇನ್ನು ನೀನೇ ನೋಡಿಕೋ" ಎಂದರು. ಆಸ್ಪತ್ರೆಯಲ್ಲೂ ನಾನು ಅಷ್ಟು ಹೆದರಿರಲಿಲ್ಲ.

ಹೊಸದರ ಪಕ್ಕದಲ್ಲೇ ಗ್ನೋಮ್ 2 ಹಾಕೋಣವೆಂದರೆ ಆಗದು. ಎರಡರ ಕಡತಗಳಿಗೂ ಅದೇ ಹೆಸರು, ಅದೇ ಜಾಗ. ಒಂದು ಬಂದರೆ ಇನ್ನೊಂದು ಅಳಿಯುತ್ತದೆ. ಮೂಡುಬಿದಿರೆ ಕಡೆಯ ನನ್ನ ತರಗತಿಯಲ್ಲಿ ಒಮ್ಮೆ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು. ಒಬ್ಬಳ ಅಂಕ ಇನ್ನೊಬ್ಬಳಿಗೆ ಹೋಗಿ ಇಬ್ಬರೂ ಅತ್ತಿದ್ದರು, ತಪ್ಪು ನನ್ನದೇ. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಒಬ್ಬಳು ವೇಣೂರಿನವಳು, ಮತ್ತೊಬ್ಬಳು ಶಿರ್ತಾಡಿಯವಳು.

2011ರಲ್ಲಿ ಗ್ನೋಮ್ 3 ಬಂದಾಗ ಅರ್ಜೆಂಟೀನದ ಒಬ್ಬ ಬಳಕೆದಾರ ಮಾಡಿದ್ದೂ ಇದನ್ನೇ. ಹಳೆಯದನ್ನು ಉಳಿಸಿಕೊಂಡು, ಅದರ ಭಾಗಗಳಿಗೆಲ್ಲ ಬೇರೆ ಹೆಸರಿಟ್ಟ. ಅದೇ 'ಮಾಟೆ'; ಆ ದೇಶದವರು ಕುಡಿಯುವ ಎಲೆ ಕಷಾಯದ ಹೆಸರು. ಕಡತ ತೆರೆದು ನೋಡುವ ಸಾಧನಕ್ಕೆ 'ಕಾಹಾ' ಎಂದಿಟ್ಟ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಪೆಟ್ಟಿಗೆ! ಓದಿ ಒಬ್ಬಳೇ ನಕ್ಕೆ.

ಒಂದು ಭಾನುವಾರ ಹೊಸ ಉಬುಂಟುವಿನ ಮೇಲೆಯೇ ಮಾಟೆ ಹಾಕಿದೆ. ಒಳಗಿನ ವ್ಯವಸ್ಥೆ ಹೊಸದೇ, ಮುಖ ಮಾತ್ರ ಹಳೆಯದು. ಪ್ರವೇಶದ ತೆರೆಯಲ್ಲಿ ಹಲ್ಲುಚಕ್ರದ ಗುರುತನ್ನು ಒತ್ತಿ ಯಾವುದು ಬೇಕೋ ಆರಿಸಬಹುದು. ಮೆನುವಿನಲ್ಲಿ ಎರಡೆರಡು ಕ್ಯಾಲ್ಕುಲೇಟರ್ ಕಂಡು ಇವರು ಮೊದಲು ಗಲಿಬಿಲಿಗೊಂಡರು, ಒಂದನ್ನು ಮರೆಮಾಡಿದೆ. ಅವರ ಖಾತೆಗೆ ಮಾಟೆ, ನನಗೆ ಬೇರೆಯೇ ಖಾತೆ ಮಾಡಿಕೊಂಡು ಅದರಲ್ಲಿ ಹೊಸ ತೆರೆ. ಯಾರದು ಯಾವುದೆಂದು ಯಂತ್ರವೇ ನೆನಪಿಟ್ಟುಕೊಳ್ಳುತ್ತದೆ.

ಸಂಜೆ ಇವರು ಎಡಗೈಯಲ್ಲಿ ಮೌಸ್ ಹಿಡಿದು ಎಡ ಮೂಲೆಗೆ ಹೋದರು. ಪೆಟ್ಟಿಗೆ ತೆರೆಯಿತು. ಹೊಗಳುತ್ತಾರೇನೋ ಎಂದು ನಾನು ಕಾಯುತ್ತ ನಿಂತಿದ್ದೆ.

"ಎಂತ ನಿಂತದ್ದು? ಆ ಚೀಟಿಗಳನ್ನು ಇಲ್ಲಿ ಕೊಡು" ಎಂದರು.

ಕೊಟ್ಟೆ.