ಬಟನ್ನಿಗೆ ಅರ್ಥ ಕೊಡುವವರು

ಪ್ಲೇಸ್ಟೇಷನ್ ಕಂಟ್ರೋಲರಿನ ಬಲಗಡೆ ನಾಲ್ಕು ಬಟನ್‌ಗಳಿರುತ್ತವೆ. ಒಂದರ ಮೇಲೆ ತ್ರಿಕೋನ, ಒಂದರ ಮೇಲೆ ಚೌಕ, ಒಂದರ ಮೇಲೆ ಸೊನ್ನೆ, ಇನ್ನೊಂದರ ಮೇಲೆ ನಮ್ಮ ಮೇಷ್ಟ್ರುಗಳು ತಪ್ಪು ಉತ್ತರಕ್ಕೆ ಹಾಕುತ್ತಿದ್ದ ಇಂಟು ಮಾರ್ಕು. 1994ರಲ್ಲಿ ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಬಂದಾಗ ಅದರ ವಿನ್ಯಾಸ ಮಾಡಿದ ತೇಯು ಗೋಟೋ ಈ ನಾಲ್ಕಕ್ಕೂ ಒಂದೊಂದು ಅರ್ಥ ಇಟ್ಟಿದ್ದರು. ತ್ರಿಕೋನ ಅಂದರೆ ನೋಡುವ ದಿಕ್ಕು, ಚೌಕ ಅಂದರೆ ಕಾಗದದ ಹಾಳೆ, ಸೊನ್ನೆ ಅಂದರೆ ಹೌದು, ಇಂಟು ಅಂದರೆ ಇಲ್ಲ. ಜಪಾನಿನ ಶಾಲೆಗಳಲ್ಲಿ ಸರಿಯುತ್ತರಕ್ಕೆ ಸೊನ್ನೆ ಸುತ್ತುತ್ತಾರೆ. ನಮ್ಮಲ್ಲಿ ಸೊನ್ನೆ ಸುತ್ತಿದ ಪೇಪರನ್ನು ಮನೆಗೆ ಒಯ್ಯಲು ಧೈರ್ಯ ಬೇಕು.

ಈ ಆಟಗಳು ಅಮೆರಿಕ, ಯುರೋಪಿಗೆ ಹೋದಾಗ ಅರ್ಥ ತಿರುವುಮುರುವಾಯಿತು. ಅಲ್ಲಿ ಇಂಟು ಒತ್ತಿದರೆ ಹೌದು, ಸೊನ್ನೆ ಒತ್ತಿದರೆ ಬೇಡ. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನಲ್ಲೂ ಇಂಟನ್ನೇ ಹೌದು ಮಾಡಿಬಿಟ್ಟರು. ಪ್ಲಾಸ್ಟಿಕ್ ಬಟನ್ ಅದೇ, ಇದ್ದ ಜಾಗವೂ ಅದೇ. ಇಪ್ಪತ್ತಾರು ವರ್ಷ ಒಂದೂರಿನಲ್ಲಿ ಇಲ್ಲ ಎನ್ನುತ್ತಿದ್ದದ್ದು ಮರುದಿನದಿಂದ ಹೌದು ಎನ್ನತೊಡಗಿತು.

ನನ್ನ ಪಿಎಚ್.ಡಿ.ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಾನು ಕನ್ನಡ ವಿಭಾಗದಲ್ಲಿ ಗ್ರಂಥಸಂಪಾದನೆಯ ಬಗ್ಗೆ ಸಂಶೋಧನೆ ಮಾಡುತ್ತಿರುವವಳು. ಹಸ್ತಪ್ರತಿಗಳ ಪಾಠಾಂತರ ಗುರುತುಹಾಕುವುದು ನನ್ನ ದಿನದ ಕೆಲಸ. ಗೇಮ್ ಕಂಟ್ರೋಲರಿನ ವಿಷಯ ಕಲಿಯಬೇಕಾಗಿ ಬಂದದ್ದು ನನ್ನ ತಮ್ಮನಿಂದ.

ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಕಳೆದ ವರ್ಷ ಮಳೆಗಾಲದಲ್ಲಿ ಬೈಕಿನಿಂದ ಬಿದ್ದ. ತಲೆಗೆ ಏನೂ ಆಗಲಿಲ್ಲ, ಎಲುಬೂ ಮುರಿಯಲಿಲ್ಲ. ಆದರೆ ಭುಜದಿಂದ ಬಲಗೈಗೆ ಇಳಿಯುವ ನರಗಳಿಗೆ ಪೆಟ್ಟಾಗಿತ್ತು. ಕೈ ಇತ್ತು, ಅವನ ಮಾತು ಕೇಳುತ್ತಿರಲಿಲ್ಲ. ಆಸ್ಪತ್ರೆಯಿಂದ ದಾವಣಗೆರೆಯ ಮನೆಗೆ ಕರೆದುಕೊಂಡು ಬಂದೆವು. ನರ ಮತ್ತೆ ಬೆಳೆಯುವುದಾದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಭುಜದಿಂದ ಬೆರಳಿನ ತುದಿ ಎಷ್ಟು ದೂರ ನೀವೇ ಅಳೆದುಕೊಳ್ಳಿ ಎಂದರು ಡಾಕ್ಟರು. ಎಷ್ಟು ಬಲ ವಾಪಸ್ ಬರುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಎಂದೂ ಸೇರಿಸಿದರು. ಅಮ್ಮ ಆ ರಾತ್ರಿ ಟೈಲರಿಂಗ್ ಟೇಪು ತಂದು ನಿಜವಾಗಿಯೂ ಅಳೆದಳು.

ನಾನು ರಜೆ ಹಾಕಿ ಪುಸ್ತಕ, ಲ್ಯಾಪ್‌ಟಾಪು ಹೊತ್ತುಕೊಂಡು ಊರಿಗೆ ಬಂದೆ. ಅವನು ಎಡಗೈಯಲ್ಲಿ ಊಟ ಮಾಡುವುದನ್ನು ಕಲಿತ, ಸಹಿ ಮಾಡುವುದನ್ನೂ ಕಲಿತ. ಆದರೆ ಮಧ್ಯಾಹ್ನಗಳು ಉದ್ದವಾಗಿರುತ್ತಿದ್ದವು. ಮೊಬೈಲಿನ ಆಟಗಳಿಗೆ ಎರಡು ಹೆಬ್ಬೆರಳು ಬೇಕು. ಒಂದೆರಡು ಸಲ ಪ್ರಯತ್ನಪಟ್ಟು ಮೊಬೈಲನ್ನು ಮಂಚದ ಕೆಳಗೆ ಇಟ್ಟುಬಿಟ್ಟ.

ಅಟ್ಟದ ಮೇಲೆ ಅವನ ಹಳೆಯ ಪ್ಲೇಸ್ಟೇಷನ್ 3ರ ಒಂದು ಕಂಟ್ರೋಲರ್ ಇತ್ತು. ಹೈಸ್ಕೂಲಿನಲ್ಲಿದ್ದಾಗ ಯಾರದೋ ಸೆಕೆಂಡ್ ಹ್ಯಾಂಡ್ ಕನ್ಸೋಲ್ ಹಟ ಮಾಡಿ ಕೊಡಿಸಿಕೊಂಡಿದ್ದ. ಎಂಜಿನಿಯರಿಂಗ್ ಫೀಸು ಕಟ್ಟುವ ವರ್ಷ ತಾನೇ ಅದನ್ನು ಮಾರಿ ದುಡ್ಡು ತಂದು ಅಪ್ಪನ ಕೈಗೆ ಕೊಟ್ಟಿದ್ದ. ಕೊಂಡವರು ಒಂದೇ ಕಂಟ್ರೋಲರ್ ಸಾಕು ಎಂದಿದ್ದರಿಂದ ಇನ್ನೊಂದು ನಮ್ಮಲ್ಲೇ ಉಳಿಯಿತು. ಇದನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಲಾದೀತೇ ನೋಡೋಣ ಎಂದು ಕೆಳಗಿಳಿಸಿದೆ.

ಮೊದಲು ತಂತಿಯ ಸಮಸ್ಯೆ. ಈ ಕಂಟ್ರೋಲರಿಗೆ ಹಳೆಯ ಕಾಲದ ಮಿನಿ ಯುಎಸ್‌ಬಿ ಪಿನ್ನು ಬೇಕು. ಪಿನ್ನು ಹೊಂದಿದರೂ ಸಾಲದು. ಕೆಲವು ಕೇಬಲ್‌ಗಳೊಳಗೆ ಕರೆಂಟಿನ ಎಳೆಗಳಷ್ಟೇ ಇರುತ್ತವೆ, ಮಾಹಿತಿ ಹರಿಯುವ ಎಳೆ ಇರುವುದಿಲ್ಲ. ಅಂಥ ತಂತಿ ಹಾಕಿದರೆ ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಏನೋ ಬಂದು ಕೂತಿದೆ ಎಂಬ ಸುಳಿವೂ ಸಿಗುವುದಿಲ್ಲ. ಕೊನೆಗೆ ಕೈಗೆ ಬಂದದ್ದು ತಾಳೆಗರಿಗಳ ಫೋಟೊ ತೆಗೆಯಲು ನಾನು ಬಳಸುವ ಹಳೆಯ ಕ್ಯಾಮೆರಾದ ಕೇಬಲ್.

ಎರಡನೆಯದು ಮಾತು ಶುರುಮಾಡಿಸುವುದು. ಸಾಮಾನ್ಯವಾಗಿ ಯುಎಸ್‌ಬಿ ಗೇಮ್‌ಪ್ಯಾಡ್‌ಗಳು ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ತಮ್ಮ ಪರಿಚಯ ಹೇಳಿಕೊಳ್ಳುತ್ತವೆ: ನನ್ನಲ್ಲಿ ಇಷ್ಟು ಬಟನ್‌ಗಳಿವೆ, ಇಷ್ಟು ಕಡ್ಡಿಗಳಿವೆ, ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗೆ ಕಳಿಸುತ್ತೇನೆ ಎಂದು. ಪ್ಲೇಸ್ಟೇಷನ್ 3ರ ಕಂಟ್ರೋಲರ್ ಸ್ವಲ್ಪ ಸಂಕೋಚದ್ದು. ಪರಿಚಯ ಹೇಳಿ ಸುಮ್ಮನಾಗುತ್ತದೆ. ಇನ್ನು ಶುರುಮಾಡು ಎಂಬ ವಿಶೇಷ ಸಂದೇಶ ಆ ಕಡೆಯಿಂದ ಬಂದ ಮೇಲೆಯೇ ಬಟನ್‌ಗಳ ಸುದ್ದಿ ಕಳಿಸುತ್ತದೆ. ವಿಂಡೋಸ್‌ನಲ್ಲಾದರೆ ಈ ಸಂದೇಶ ಕಳಿಸಲು ಬೇರೆಯವರು ಬರೆದ ಡ್ರೈವರ್ ಹಾಕಿಕೊಳ್ಳಬೇಕು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸ್. ಅದರ ಕರ್ನಲ್‌ನಲ್ಲೇ ಈ ಕಂಟ್ರೋಲರಿನ ಡ್ರೈವರ್ ಇದೆ. ತಂತಿ ಸಿಕ್ಕಿಸಿದೆ. ನಾಲ್ಕು ಕೆಂಪು ದೀಪ ಮಿನುಗಿ, ಮೂರು ಆರಿ, ಒಂದು ಸ್ಥಿರವಾಗಿ ಉರಿಯಿತು.

ತಂತಿ ಇಲ್ಲದೆ ಆಡಲು ಬರುವುದಿಲ್ಲವೇ ಎಂದು ತಮ್ಮ ಕೇಳಿದ. ಬರುತ್ತದೆ, ಬ್ಲೂಟೂತ್ ಇದೆ. ಆದರೆ ಈ ಕಂಟ್ರೋಲರ್ ತನ್ನ ಯಜಮಾನನ ಬ್ಲೂಟೂತ್ ವಿಳಾಸವನ್ನು ಒಂದೇ ಒಂದು ನೆನಪಿಟ್ಟುಕೊಳ್ಳುತ್ತದೆ. ಆ ವಿಳಾಸವನ್ನು ಗಾಳಿಯಲ್ಲಿ ಬದಲಿಸಲಾಗದು, ತಂತಿಯ ಮೂಲಕವೇ ಬರೆಯಬೇಕು. ಹಾಗೆ ಬರೆಯುವವರೆಗೂ ನಡುವಿನ ಬಟನ್ ಒತ್ತಿದಾಗೆಲ್ಲ ಅದು ಹುಡುಕುವುದು ಏಳೆಂಟು ವರ್ಷದ ಹಿಂದೆ ಮಾರಿದ, ಈಗ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲದ ಆ ಕನ್ಸೋಲನ್ನೇ. ಇದನ್ನು ಹೇಳಿದಾಗ ತಮ್ಮ ಬಹಳ ದಿನಗಳ ಮೇಲೆ ನಕ್ಕ. "ಹಾಗಾದ್ರೆ ಅಟ್ಟದ ಮೇಲೆ ಇಷ್ಟು ವರ್ಷ ಅದನ್ನೇ ನೆನೆಸ್ಕೊಂಡು ಕೂತಿತ್ತಾ ಅಕ್ಕ?" ಎಂದ.

ಮೂರನೆಯದು, ನನಗೆ ಮುಖ್ಯವೆನಿಸಿದ್ದು, ಅರ್ಥದ ಸಮಸ್ಯೆ. ಬಟನ್ ಒತ್ತಿದರೆ ತೆರೆಯ ಮೇಲೆ ಏನು ಬರುತ್ತದೆ ಎಂದು ತೋರಿಸುವ ಒಂದು ಸಣ್ಣ ತಂತ್ರಾಂಶವಿದೆ. ಅದನ್ನು ತೆರೆದು ಇಂಟು ಒತ್ತಿದರೆ ಸೊನ್ನೆ ಸಂಖ್ಯೆಯ ಬಟನ್ ಬೆಳಗುತ್ತದೆ. ಎಡ ತೋರುಬೆರಳಿನ ಬಟನ್ ಒತ್ತಿದರೆ ನಾಲ್ಕು. ಕಡ್ಡಿಯನ್ನು ಪೂರ್ತಿ ಎಡಕ್ಕೆ ತಳ್ಳಿದರೆ ಮೈನಸ್ 32767, ಪೂರ್ತಿ ಬಲಕ್ಕೆ ತಳ್ಳಿದರೆ 32767. ಇಷ್ಟೇ. ನೆಗೆ, ಓಡು, ಹೊಡಿ, ನಿಲ್ಲು ಎಂಬುದು ಕಂಟ್ರೋಲರಿಗೆ ಗೊತ್ತಿಲ್ಲ. ಸೊನ್ನೆ ಅಂದರೆ ನೆಗೆ ಎಂದು ಇನ್ನೆಲ್ಲೋ ಒಂದು ಪಟ್ಟಿಯಲ್ಲಿ ಬರೆದಿರುತ್ತದೆ.

ಕನ್ನಡ ವಿಭಾಗದವರಿಗೆ ಇದು ಹೊಸ ಸಂಗತಿಯಲ್ಲ. ಇಪ್ಪತ್ತು ವರ್ಷದ ಹಿಂದೆ ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಇವತ್ತು ತೆರೆದರೆ ಕನ್ನಡ ಇರಬೇಕಾದಲ್ಲಿ ಟೋಪಿ ಹಾಕಿದ, ಬಾಲ ಬಂದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಕಡತ ಕೆಟ್ಟಿಲ್ಲ. ಒಳಗಿರುವ ಸಂಖ್ಯೆಗಳು ಹಾಗೇ ಇವೆ. ಆ ಸಂಖ್ಯೆಗೆ ಈ ಅಕ್ಷರ ಎಂದು ಹೇಳುವ ಫಾಂಟು ಈ ಯಂತ್ರದಲ್ಲಿಲ್ಲ, ಅಷ್ಟೆ. ಯೂನಿಕೋಡಿನಲ್ಲಿ 'ಕ' ಅಂದರೆ 3221 ಎಂದು ಜಗತ್ತಿನ ಯಂತ್ರಗಳೆಲ್ಲ ಒಪ್ಪಿಕೊಂಡಿವೆ. ಒಪ್ಪಂದ ಅಲ್ಲಿದೆ, ಸಂಖ್ಯೆಯೊಳಗೆ ಇಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ 'ಎಫ್' ಕೀಲಿ ಒತ್ತುತ್ತೇವೆ. ಆ ಕೀಲಿಯ ಮೇಲೆ ಎಲ್ಲಿಯೂ ಒತ್ತಕ್ಷರ ಬರೆದಿಲ್ಲ. ಆದರೂ ನಮ್ಮ ಬೆರಳಿಗೆ ಗೊತ್ತು.

ಕಂಟ್ರೋಲರುಗಳ ಲೋಕದಲ್ಲಿ ಈ ಒಪ್ಪಂದ ಇನ್ನೂ ಪೂರ್ತಿ ಆಗಿಲ್ಲ. ನಿಂಟೆಂಡೊ ಕಂಟ್ರೋಲರಿನಲ್ಲಿ 'ಎ' ಬಲಕ್ಕಿದೆ, 'ಬಿ' ಕೆಳಗಿದೆ. ಎಕ್ಸ್‌ಬಾಕ್ಸ್‌ನಲ್ಲಿ 'ಎ' ಕೆಳಗಿದೆ, 'ಬಿ' ಬಲಕ್ಕಿದೆ. ಹಾಗಾಗಿ ಲಿನಕ್ಸ್ ಕರ್ನಲ್ ಬರೆಯುವವರು ಅಕ್ಷರಗಳ ಜಗಳಕ್ಕೇ ಹೋಗದೆ ದಿಕ್ಕಿನ ಹೆಸರುಗಳನ್ನು ಇಟ್ಟಿದ್ದಾರೆ: ಉತ್ತರದ ಬಟನ್, ದಕ್ಷಿಣದ ಬಟನ್, ಪೂರ್ವದ್ದು, ಪಶ್ಚಿಮದ್ದು. ಊರಲ್ಲಿ ಹೊಲದ ಚೆಕ್ಕುಬಂದಿ ಬರೆಸಿದ ಹಾಗೆ. ಯಜಮಾನರು ಬದಲಾಗಬಹುದು, ದಿಕ್ಕು ಬದಲಾಗುವುದಿಲ್ಲ.

ಈ ನಾಲ್ಕು ದಿಕ್ಕೂ ಬಲ ಹೆಬ್ಬೆರಳಿನ ಪಾಲಿನವು. ತಮ್ಮನ ಕಷ್ಟ ಇದ್ದದ್ದು ಅಲ್ಲೇ. ಹೋಗುವ ಬರುವ ಕೆಲಸ ಎಡಗೈಗೆ, ಮಾಡುವ ಕೆಲಸವೆಲ್ಲ ಬಲಗೈಗೆ ಎಂದು ಆಟಗಳು ಮೊದಲೇ ಹಂಚಿಕೊಟ್ಟಿವೆ.

ಕಂಟ್ರೋಲರಿನ ಯಾವ ಬಟನ್ ಒತ್ತಿದರೆ ಕೀಬೋರ್ಡಿನ ಯಾವ ಕೀಲಿ ಒತ್ತಿದಂತೆ ಎಂದು ನಾವೇ ಬರೆದುಕೊಳ್ಳಲು ಆಂಟಿಮೈಕ್ರೊಎಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಪೆಂಗ್ವಿನ್ ಮರಿಯೊಂದು ಓಡುತ್ತ ನೆಗೆಯುತ್ತ ಹೋಗುವ ಸೂಪರ್‌ಟಕ್ಸ್ ಎಂಬ ಆಟವನ್ನು ಆರಿಸಿಕೊಂಡೆ. ಅದೂ ಉಚಿತ, ಅದಕ್ಕೆ ಬೇಕಾಗುವುದು ನಾಲ್ಕು ದಿಕ್ಕು, ಒಂದು ನೆಗೆತ, ಒಂದು ಕೆಲಸ. ಎಡ ಹೆಬ್ಬೆರಳಿನ ಕಡ್ಡಿಗೆ ಬಾಣದ ಕೀಲಿಗಳನ್ನು ಕೊಟ್ಟೆ. ಎಡ ತೋರುಬೆರಳಿನ ಬಟನ್ನಿಗೆ ನೆಗೆತ, ಅದರ ಕೆಳಗೆ ಮಧ್ಯದ ಬೆರಳಿಗೆ ಸಿಗುವ ಬಟನ್ನಿಗೆ ಇನ್ನೊಂದು. ಎರಡು ಕೈಗೆಂದು ಮಾಡಿದ ವಸ್ತು ಒಂದು ಕೈಯಲ್ಲಿ ವಾಲುತ್ತದೆ. ಅಮ್ಮ ತೊಡೆಯ ಮೇಲೆ ದಿಂಬು ಇಟ್ಟು, ಬಲಗಡೆಯ ಹಿಡಿಕೆಯ ಕೆಳಗೆ ಟವೆಲು ಸುತ್ತಿ ಇಟ್ಟಳು.

ಮೊದಲ ದಿನ ಐದು ನಿಮಿಷ ಆಡಿದ. ಆಮೇಲೆ ಕಂಟ್ರೋಲರನ್ನು ಪಕ್ಕಕ್ಕಿಟ್ಟು, "ಇದು ರಿಯಾಯಿತಿ ಥರ ಇದೆ ಅಕ್ಕ. ಪಾಪ ಅಂತ ಕೊಟ್ಟ ಹಾಗೆ" ಎಂದ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ಯೋಚಿಸಿದೆ. ನೆಗೆಯುವ ಬಟನ್ ಬಲಕ್ಕೇ ಇರಬೇಕು ಎಂದು ಯಾರು ಹೇಳಿದ್ದು? ಅದೂ ಯಾರೋ ಒಬ್ಬರು ಬರೆದ ಪಟ್ಟಿಯೇ. ಬಹಳ ಜನರ ಕೈಗೆ ಹೊಂದಿದ್ದರಿಂದ ಅದು ಪಟ್ಟಿ ಎಂಬುದೇ ಮರೆತುಹೋಗಿದೆ. ಹಸ್ತಪ್ರತಿ ಓದುವಾಗಲೂ ಹೀಗಾಗುತ್ತದೆ. ಅಚ್ಚಾದ ಪುಸ್ತಕದಲ್ಲಿರುವುದೇ ಮೂಲ, ಉಳಿದ ಪ್ರತಿಗಳಲ್ಲಿರುವುದು ಪಾಠಾಂತರ ಎಂದುಕೊಳ್ಳುತ್ತೇವೆ. ಅಚ್ಚಾದದ್ದೂ ಸಂಪಾದಕರು ಆರಿಸಿಕೊಂಡ ಒಂದು ಪಾಠವೇ. 2018ರಲ್ಲಿ ಮೈಕ್ರೊಸಾಫ್ಟ್ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬುದನ್ನು ತಂದಿತು. ಅದರ ಮುಂದೆ ಎರಡು ದೊಡ್ಡ ಬಟನ್, ಹಿಂದೆ ಹೆಡ್‌ಫೋನ್ ಪಿನ್ನು ಸಿಗಿಸುವಂಥ 19 ತೂತು. ಕಾಲಿಂದ ಒತ್ತುವ ಪೆಡಲು, ಮೊಣಕೈಯಿಂದ ಒತ್ತುವ ಸ್ವಿಚ್ಚು, ಯಾರಿಗೆ ಯಾವುದು ಒಗ್ಗುತ್ತದೋ ಅದನ್ನು ಸಿಗಿಸಿಕೊಳ್ಳಬಹುದು. ಕೈ ಹೀಗೇ ಇರುತ್ತದೆ ಎಂದು ಮೊದಲೇ ತೀರ್ಮಾನಿಸದ ವಸ್ತು ಅದು.

ಇದನ್ನೆಲ್ಲ ಮರುದಿನ ಅವನಿಗೆ ಉಪದೇಶ ಮಾಡಲಿಲ್ಲ. ಪಟ್ಟಿ ಬರೆಯುವ ಕಿಟಕಿಯನ್ನು ತೆರೆದು ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು, "ನನ್ನ ಪಟ್ಟಿ ಸರಿ ಇಲ್ಲದಿದ್ದರೆ ನೀನೇ ಬರ್ಕೋ" ಎಂದು ಓದಲು ಹೋದೆ. ಸಂಜೆ ಹೊತ್ತಿಗೆ ಅವನು ನೆಗೆತವನ್ನು ತೋರುಬೆರಳಿನಿಂದ ಮಧ್ಯದ ಬೆರಳಿಗೆ ವರ್ಗಾಯಿಸಿದ್ದ. ಕಡ್ಡಿಯನ್ನು ಒಳಕ್ಕೆ ಒತ್ತಿದರೂ ಒಂದು ಬಟನ್ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದನ್ನೂ ಕೆಲಸಕ್ಕೆ ಹಚ್ಚಿದ್ದ. "ನಿನಗೆ ಗೇಮ್ ಆಡಿ ಗೊತ್ತಿಲ್ಲ, ಅದಕ್ಕೇ ಹಂಗೆ ಬರೆದಿದ್ದೆ" ಎಂದ. ರಿಯಾಯಿತಿ ಎಂಬ ಮಾತು ಮತ್ತೆ ಬರಲಿಲ್ಲ. ಪಟ್ಟಿ ಅವನದಾಗಿತ್ತು.

ಕಂಟ್ರೋಲರುಗಳಲ್ಲಿ ಡೆಡ್ ಝೋನ್ ಎಂಬುದೊಂದಿದೆ. ಹಳೆಯ ಕಡ್ಡಿಗಳು ಮುಟ್ಟದಿದ್ದರೂ ಸ್ವಲ್ಪ ಅಲುಗುತ್ತವೆ. ಆ ಸಣ್ಣ ಸಂಖ್ಯೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಒಂದು ಗಡಿ ಹಾಕುತ್ತಾರೆ. ಗಡಿಯೊಳಗಿನ ಚಲನೆ ಚಲನೆಯೇ ಅಲ್ಲ. ಬಲಗಡೆ ತೋರುಬೆರಳಿಗೆ ಸಿಗುವ ಟ್ರಿಗರ್‌ಗೂ ಇಂಥ ಗಡಿ ಇದೆ. ಬಂದೂಕಿನ ಕುದುರೆಯಂತೆ ಎಷ್ಟು ಎಳೆದೆವು ಎಂಬುದನ್ನು ಅದು ಸಂಖ್ಯೆಯಲ್ಲಿ ಹೇಳುತ್ತದೆ.

ಅಪಘಾತವಾದ ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವನು ನನ್ನನ್ನು ಕೂಗಿದ. ಬಲಗೈಯನ್ನು ಎಡಗೈಯಿಂದ ಎತ್ತಿ ಕಂಟ್ರೋಲರಿನ ಮೇಲೆ ಇಟ್ಟುಕೊಂಡಿದ್ದ. ತೋರುಬೆರಳು ಟ್ರಿಗರ್ ಮೇಲಿತ್ತು. ಬೆರಳು ಅಲುಗಿದ್ದು ನನ್ನ ಕಣ್ಣಿಗೆ ಕಾಣಲಿಲ್ಲ. ತೆರೆಯ ಮೇಲಿನ ಪಟ್ಟೆ ತುಸು ಏರಿ ಇಳಿಯಿತು. ಇನ್ನೊಮ್ಮೆ ಏರಿತು. ಅಮ್ಮ ಅಡಿಗೆಮನೆಯಿಂದ ಬಂದು ಅದೇನು ಎಂದು ಕೇಳಿದಳು. ಇಬ್ಬರಿಗೂ ಹೇಳಲಾಗಲಿಲ್ಲ.

ಆಡಿದ್ದರಿಂದ ನರ ಬೆಳೆಯಿತು ಎಂದು ನಾನು ಹೇಳುತ್ತಿಲ್ಲ. ನರ ತನ್ನ ಮಿಲಿಮೀಟರಿನ ಲೆಕ್ಕದಲ್ಲಿ ಬಂದಿರಬೇಕು. ಫಿಸಿಯೋಥೆರಪಿಯವರು ಪ್ರತಿದಿನ ಬಂದು ಮಾಡಿಸಿದ ವ್ಯಾಯಾಮ ಇತ್ತು. ಕಂಟ್ರೋಲರ್ ಮಾಡಿದ್ದು ಕಣ್ಣಿಗೆ ಕಾಣದಷ್ಟು ಚಿಕ್ಕದನ್ನು ಸಂಖ್ಯೆಯಾಗಿ ಓದಿ ಹೇಳಿದ್ದು ಮಾತ್ರ. ಅವನು ಅವತ್ತೇ ಗಡಿಯನ್ನು ಆದಷ್ಟು ಕೆಳಕ್ಕೆ ಇಳಿಸಿ, ಆ ಟ್ರಿಗರಿಗೆ ಪೆಂಗ್ವಿನ್ನಿನ ಕೆಲಸವನ್ನು ಕೊಟ್ಟ. ಐದು ಸಲ ಎಳೆದರೆ ಒಂದು ಸಲ ಲೆಕ್ಕಕ್ಕೆ ಸಿಗುತ್ತಿತ್ತು. ಬೆರಳು ಒಗ್ಗಿದ ಮೇಲೆ ಗಡಿಯನ್ನು ಒಂದಿಷ್ಟು ಮೇಲೇರಿಸುತ್ತಾನೆ. ಆಟ ಮತ್ತೆ ಕಷ್ಟವಾಗುತ್ತದೆ. ಹಾಗಾಗಲಿ ಎಂದೇ ಏರಿಸುವುದು.

ಬರೆದ ಪಟ್ಟಿಗಳನ್ನೆಲ್ಲ ಆ ತಂತ್ರಾಂಶ ಚಿಕ್ಕಚಿಕ್ಕ ಕಡತಗಳಾಗಿ ಉಳಿಸುತ್ತದೆ. ಮೊನ್ನೆ ಪ್ರಬಂಧದ ಅಧ್ಯಾಯವೊಂದನ್ನು ಹುಡುಕುವಾಗ ಅವು ಸಾಲಾಗಿ ಕಂಡವು. ಮೊದಲನೆಯದಕ್ಕೆ ನಾನು ಇಟ್ಟ ಹೆಸರು 'ಎಡಗೈ'. ಆಮೇಲಿನವು 'ಎಡಗೈ 2', 'ಎಡಗೈ 3', ಹೀಗೆ ಒಂಬತ್ತರವರೆಗೆ. ಹತ್ತನೆಯದಕ್ಕೆ ಅವನು 'ಒಂದೂಕಾಲು ಕೈ' ಎಂದು ಹೆಸರಿಟ್ಟಿದ್ದಾನೆ.