ಪಾಸ್‌ಪೋರ್ಟ್ ಸೈಜ್ ಫೋಟೋ ಮತ್ತು ಕೆಳಮನೆಯ ತಂಬೂರಿ

ನಮ್ಮ ಕಸುಬಿನಲ್ಲಿ ರಾತ್ರಿ ಫೋನ್ ಬಂದರೆ ಎರಡೇ ಅರ್ಥ. ಒಂದು, ಎಲ್ಲೋ ಏನೋ ಆಗಿದೆ. ಇನ್ನೊಂದು, ಆಗಿದ್ದನ್ನು ನಾವಿನ್ನೂ ಕಳಿಸಿಲ್ಲ ಎಂದು ಡೆಸ್ಕ್‌ನವರು ಬೈಯಬೇಕಾಗಿದೆ.

ಗದಗಿನಲ್ಲಿ ನಾವು ಮೂವರು ಸ್ಟ್ರಿಂಜರ್‌ಗಳು ಒಂದೇ ರೂಮಿನಲ್ಲಿದ್ದೇವೆ. ಒಬ್ಬ ಟಿವಿ ಚಾನೆಲ್‌ಗೆ, ಒಬ್ಬ ದಿನಪತ್ರಿಕೆಗೆ, ಒಬ್ಬ ಯಾರು ಕೇಳಿದರೆ ಅವರಿಗೆ. ಮೂವರೂ ಒಂದೇ ವರ್ಷ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದವರು, ಮೂವತ್ತು ದಾಟಿದವರು. ಬೈಕ್ ಎರಡು, ಟ್ರೈಪಾಡ್ ಒಂದು. ಸಂಬಳ ಅಂತ ಇಲ್ಲ, ಸುದ್ದಿಗಿಷ್ಟು ಅಂತ ಬರುತ್ತದೆ, ಅದೂ ತಡವಾಗಿ. ಈ ಬರಹದಲ್ಲಿ ‘ನಾವು’ ಎಂದರೆ ಈ ಮೂವರು. ಯಾರು ಯಾವುದನ್ನು ಮಾಡಿದರು ಎಂದು ಬಿಡಿಸಿ ಹೇಳುವುದಿಲ್ಲ. ಒಬ್ಬ ಮಾಡಿದ್ದನ್ನು ಉಳಿದಿಬ್ಬರೂ ಪಕ್ಕದಲ್ಲಿ ನಿಂತು ನೋಡಿದ್ದಾರೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹುಬ್ಬಳ್ಳಿ ರಸ್ತೆಯಲ್ಲಿ ಒಂದು ಅಪಘಾತವಾಯಿತು. ಲಾರಿ ಮತ್ತು ಬೈಕ್. ನಾವು ಮುಟ್ಟಿದಾಗ ರಾತ್ರಿ ಎಂಟೂವರೆ. ಹುಡುಗ ಸ್ಥಳದಲ್ಲೇ ತೀರಿಕೊಂಡಿದ್ದ. ಹೆಸರು, ಊರು ಸಿಕ್ಕಿತು. ಊರಿನ ಪರಿಚಯದವರೊಬ್ಬರಿಂದ ಮನೆಯ ನಂಬರೂ ಸಿಕ್ಕಿತು. ಡೆಸ್ಕ್‌ನಿಂದ ಒಂದೇ ಮಾತು: ಬೇರೆಯವರು ಹಾಕುವ ಮೊದಲು ಹುಡುಗನ ಫೋಟೋ ಬೇಕು.

ನಾವು ಫೋನ್ ಹಚ್ಚಿದೆವು. ಎತ್ತಿದ್ದು ತಾಯಿ.

“ಅಮ್ಮಾರ, ನಿಮ್ಮ ಮಗಂದು ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ವಾಟ್ಸಾಪ್ ಮಾಡಸ್ತೀರೇನ್ರಿ?”

“ಯಾಕಪಾ, ನೌಕರೀದೇನು? ಅಂವಾ ಈಗ ಬರತಾನ, ಬಂದ ಮ್ಯಾಲ ಅಂವನ ಕೈಲೇ ಕಳಸ್ತೀನಿ. ರೊಟ್ಟಿ ಬಡ್ಯಾಕತ್ತೀನಿ, ತಡಿ.”

ಪೊಲೀಸರು ಇನ್ನೂ ಮನೆಗೆ ತಿಳಿಸಿರಲಿಲ್ಲ. ತಿಳಿಸಿದ್ದಾರೋ ಇಲ್ಲವೋ ಎಂದು ನಾವು ಕೇಳಿರಲೂ ಇಲ್ಲ. ಬಾಯಿಂದ ಮಾತು ಹೊರಡಲಿಲ್ಲ, ಕಟ್ ಮಾಡಿಬಿಟ್ಟೆವು. ಎರಡು ನಿಮಿಷಕ್ಕೆ ಅದೇ ನಂಬರಿನಿಂದ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಒಟ್ಟು ಏಳು ಸಲ. ಒಂದು ಸಲವೂ ಎತ್ತಲಿಲ್ಲ.

ಸುದ್ದಿ ಹೋಯಿತು. ಫೋಟೋ ಫೇಸ್‌ಬುಕ್‌ನಲ್ಲಿ ಸಿಕ್ಕಿತು. ತಿಂಗಳ ಕೊನೆಯ ಲೆಕ್ಕದಲ್ಲಿ ಆ ಸುದ್ದಿಗೂ ದುಡ್ಡು ಸೇರಿತ್ತು.

ನಿದ್ದೆ ಮಾತ್ರ ಹೋಯಿತು. ಫೋನ್ ರಿಂಗ್ ಆದರೆ ಎದೆ ಹೊಡೆದುಕೊಳ್ಳುತ್ತಿತ್ತು. ರಿಂಗ್‌ಟೋನ್ ಬದಲಿಸಿದೆವು, ವೈಬ್ರೇಟರ್‌ಗೆ ಹಾಕಿದೆವು. ವೈಬ್ರೇಟರ್ ಸದ್ದಂತೂ ಇನ್ನೂ ಕೆಟ್ಟದ್ದು, ಮಂಚದ ಹಲಗೆಯಲ್ಲಿ ಹುಳ ಕೊರೆದಂತೆ. ನಮ್ಮಲ್ಲೊಬ್ಬ ಕುಡಿಯುವುದು ಜಾಸ್ತಿ ಮಾಡಿದ. ಇನ್ನೊಬ್ಬ ರಾತ್ರಿಯಿಡೀ ಮೊಬೈಲ್ ನೋಡುತ್ತ ಕೂರುತ್ತಿದ್ದ.

ಯಾರೋ ಹೇಳಿದರು, ಮೆಲು ಸಂಗೀತ ಕೇಳಿ, ನಿದ್ದೆ ಬರುತ್ತದೆ. ಯೂಟ್ಯೂಬ್‌ನಲ್ಲಿ ಇಂಥದ್ದು ರಾಶಿ ಇದೆ. ಮಳೆ ಸದ್ದಿನ ಜೊತೆ ಕೊಳಲು, ಪಿಯಾನೋ, ಮೂರು ತಾಸು, ಎಂಟು ತಾಸು. ಇಯರ್‌ಫೋನ್ ಹಾಕಿಕೊಂಡು ಮಲಗಿದೆವು. ಕಣ್ಣು ಹತ್ತಬೇಕು ಅನ್ನುವಷ್ಟರಲ್ಲಿ ಬಂಗಾರದ ಸಾಲದ ಜಾಹೀರಾತು ಕಿವಿಯೊಳಗೆ ಕೂಗಿತು. ಜಾಹೀರಾತು ಬರದ ದಿನ ಡೆಸ್ಕ್‌ನ ಫೋನ್ ಬಂತು. ಸಂಗೀತವೂ ಅದೇ ಫೋನಿನಲ್ಲಿ, ಭಯವೂ ಅದೇ ಫೋನಿನಲ್ಲಿ. ಎರಡು ವಾರಕ್ಕೆ ಬಿಟ್ಟೆವು.

ನಮ್ಮ ರೂಮಿನ ಕೆಳಗಿನ ಮನೆಯಲ್ಲಿ ಒಬ್ಬರು ಸಂಗೀತ ಮೇಷ್ಟ್ರಿದ್ದಾರೆ. ನಿವೃತ್ತರು. ಚಿಕ್ಕವರಿದ್ದಾಗ ಇಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಗದಗಿನವರಿಗೆ ಆಶ್ರಮದ ಬಗ್ಗೆ ಹೇಳಬೇಕಿಲ್ಲ. ಹೊರಗಿನ ಓದುಗರಿಗಾಗಿ ಎರಡು ಮಾತು. ಹುಟ್ಟು ಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು ಕಟ್ಟಿದ್ದು, ಅವರ ನಂತರ ಪುಟ್ಟರಾಜ ಗವಾಯಿಗಳು ಬೆಳೆಸಿದ್ದು. ಅವರಿಗೂ ಕಣ್ಣಿರಲಿಲ್ಲ. ಮಕ್ಕಳಿಗೆ ಊಟ ಹಾಕಲು ನಾಟಕ ಕಂಪನಿ ನಡೆಸಿದರು. ಅಂಧ ಮಕ್ಕಳು, ಬಡವರ ಮಕ್ಕಳು ಅಲ್ಲಿ ಉಂಡು ಉಟ್ಟು ಸಂಗೀತ ಕಲಿತರು. ಬಸವರಾಜ ರಾಜಗುರು, ವೆಂಕಟೇಶ್ ಕುಮಾರ್ ಅವರಂಥವರು ಬಂದದ್ದು ಈ ಪರಂಪರೆಯಿಂದಲೇ. 2010ರ ಸೆಪ್ಟೆಂಬರ್‌ನಲ್ಲಿ ಪುಟ್ಟರಾಜರು ತೀರಿಕೊಂಡಾಗ ಗದಗಿನ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಮಗೆ, ಆಶ್ರಮದ ಜಾತ್ರೆ, ಪುಣ್ಯಸ್ಮರಣೆ, ಸನ್ಮಾನಗಳನ್ನೆಲ್ಲ ವರದಿ ಮಾಡಿದ ನಮಗೆ, ಕೂತು ಸಂಗೀತ ಕೇಳಿ ಗೊತ್ತಿರಲಿಲ್ಲ. ಉದ್ಘಾಟನೆಯ ಫೋಟೋ ಹೊಡೆದು, ಅತಿಥಿಗಳ ಹೆಸರು ಬರೆದುಕೊಂಡು, ಹಾಡು ಶುರುವಾಗುವ ಮೊದಲೇ ಎದ್ದು ಬರುತ್ತಿದ್ದೆವು.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಸೆಕೆ ತಾಳದೆ ಕೆಳಗಿಳಿದು ಕಟ್ಟೆಯ ಮೇಲೆ ಕೂತೆವು. ಒಳಗಿನಿಂದ ತಂಬೂರಿ ಕೇಳಿಸುತ್ತಿತ್ತು. ಮೇಷ್ಟ್ರು ಬಾಗಿಲು ತೆರೆದು, “ಹೊರಗ್ಯಾಕ ಕುಂತೀರಿ, ಒಳಗ ಬರ್ರೆಪಾ” ಅಂದರು. ಚಿಮಣಿ ಬೆಳಕು. ಚಾಪೆ ಹಾಸಿತ್ತು. ಕೂತೆವು.

ಅವರು ಹಾಡಲಿಲ್ಲ. ಬರೀ ಶ್ರುತಿ ಮಾಡುತ್ತಿದ್ದರು. ನಾಲ್ಕು ತಂತಿ. ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಕೆಳಗಿನ ಷಡ್ಜ. ಕುದುರೆಯ ಮೇಲೆ, ತಂತಿಯ ಅಡಿಗೆ, ಒಂದೊಂದು ಎಳೆ ದಾರ. ಆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಸರಿಯಾದ ಜಾಗಕ್ಕೆ ಬರುವವರೆಗೆ ತಂತಿ ಬರೀ ಟಣ್ ಅನ್ನುತ್ತದೆ. ಬಂದ ಕೂಡಲೇ ಒಂದೇ ತಂತಿಯಿಂದ ಹತ್ತು ದನಿ ಎದ್ದಂತೆ ಜೇಂಕಾರ ಶುರುವಾಗುತ್ತದೆ. ಇದಕ್ಕೆ ಜವಾರಿ ಅನ್ನುತ್ತಾರಂತೆ. ನಮ್ಮ ಕಡೆ ಜವಾರಿ ಎಂದರೆ ನಾಟಿ. ಜವಾರಿ ಕೋಳಿ, ಜವಾರಿ ಬದನೆಕಾಯಿ. ಅದನ್ನು ಹೇಳಿದಾಗ ಮೇಷ್ಟ್ರು ನಕ್ಕರು. “ಇದೂ ಹಂಗ ಅನ್ಕೋರಿ. ತಂತಿದು ಖರೇ ರುಚಿ.”

ಅರ್ಧ ತಾಸಾಯಿತು. ಕರೆಂಟ್ ಬಂತು. ಯಾರಿಗೂ ಏಳಬೇಕು ಅನ್ನಿಸಲಿಲ್ಲ. ಆ ರಾತ್ರಿ ಮೂವರೂ ಮಲಗಿದೆವು.

ಆಮೇಲೆ ಅದೇ ರೂಢಿಯಾಯಿತು. ರಾತ್ರಿ ಹತ್ತಕ್ಕೆ ಅವರ ಪಡಸಾಲೆ. ಮೇಷ್ಟ್ರ ಮೊದಲ ಷರತ್ತು, ಫೋನ್ ಹೊರಗೆ. ಮೂರೂ ಫೋನುಗಳನ್ನು ಸ್ವಿಚ್ ಆಫ್ ಮಾಡಿ ಅವರ ಮನೆಯವರ ಜೋಳದ ಡಬ್ಬಿಯ ಮೇಲೆ ಇಡುತ್ತಿದ್ದೆವು. ಸ್ವಿಚ್ ಆಫ್ ಮಾಡಲು ಮೊದಲು ಕೈ ನಡುಗಿತು ಅಂದರೆ ಉತ್ಪ್ರೇಕ್ಷೆಯಲ್ಲ.

ಅವರದು ಮುದಿ ದನಿ, ಮೇಲಕ್ಕೆ ಹೋಗುವುದಿಲ್ಲ. ಆ ಹೊತ್ತಿಗೆ ಬಾಗೇಶ್ರೀಯೋ ಮಾಲಕಂಸವೋ ಹಿಡಿಯುತ್ತಿದ್ದರು. ಮಾಲಕಂಸದಲ್ಲಿ ಪಂಚಮವೇ ಇಲ್ಲ, ಹಾಗಾಗಿ ಅಂದು ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಿದ್ದರು. ವಿಲಂಬಿತ್ ಏಕತಾಳಕ್ಕೆ ಹನ್ನೆರಡು ಮಾತ್ರೆ. ತೀರಾ ನಿಧಾನಕ್ಕೆ ಹೋದರೆ ಒಂದು ಮಾತ್ರೆಗೆ ನಾಲ್ಕು ಸೆಕೆಂಡ್. ಅಂದರೆ ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು. ನಮ್ಮ ಫಟಾಫಟ್ ಸುದ್ದಿಯಲ್ಲಿ ಅಷ್ಟರೊಳಗೆ ಎರಡು ಸಾವು, ಒಂದು ರಾಜೀನಾಮೆ, ಒಂದು ಸಿನಿಮಾ ಮುಹೂರ್ತ ಮುಗಿದಿರುತ್ತವೆ. ಇಲ್ಲಿ ಮೇಷ್ಟ್ರು ಗಾಂಧಾರದ ಹತ್ತಿರ ಹೋಗಿ, ಮುಟ್ಟದೆ, ವಾಪಸ್ ಬಂದಿರುತ್ತಾರೆ. ಏನೂ ಆಗಿರುವುದಿಲ್ಲ. ಏನೂ ಆಗದ ಹೊತ್ತು ಹೀಗೂ ಇರುತ್ತದೆ ಎಂಬುದೇ ನಮಗೆ ಮರೆತುಹೋಗಿತ್ತು.

ಈ ನಿಧಾನಕ್ಕೂ ನಮ್ಮ ಸೀಮೆಗೂ ಹಳೆಯ ನಂಟು. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನರು ಮೆಲುದನಿಯವರು, ಒಂದೊಂದು ಸ್ವರಕ್ಕೂ ನಿಂತು ಹಾಡಿದವರು. ಅವರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿದರು. ನಮ್ಮ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟು ಗುರುವನ್ನು ಹುಡುಕಿ ಹೋದದ್ದರ ಹಿಂದೆ ಕರೀಂ ಖಾನರ ಒಂದು ಗ್ರಾಮಾಫೋನ್ ತಟ್ಟೆಯಿದೆ. ಭೀಮಸೇನರ ಬಗ್ಗೆ ನಾವು ಎಷ್ಟು ಸಲ ಬರೆದಿದ್ದೆವೋ! ಪ್ರಶಸ್ತಿಗಳ ಪಟ್ಟಿ ಬಾಯಿಪಾಠ. ಮೇಷ್ಟ್ರು ಹೇಳುವವರೆಗೆ ಅವರ ಒಂದು ರಾಗವನ್ನೂ ಪೂರ್ತಿ ಕೇಳಿರಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ, ಹಾಡು ಮುಗಿದು ತಂಬೂರಿಗೆ ಗವಸು ಹಾಕುವಾಗ, ಆ ಫೋನಿನ ಸಂಗತಿ ನಮ್ಮ ಬಾಯಿಂದ ಬಂತು. ಪೂರ್ತಿ ಹೇಳಿದೆವು, ಏಳು ಸಲ ರಿಂಗ್ ಆದದ್ದನ್ನೂ. ಮೇಷ್ಟ್ರು ಸಮಾಧಾನದ ಮಾತು ಆಡಲಿಲ್ಲ. “ಆ ಮ್ಯಾಲ ಆ ತಾಯಿಗೆ ನೀವು ಫೋನ್ ಮಾಡಿದ್ರೇನು?” ಎಂದು ಕೇಳಿದರು. ಇಲ್ಲ ಅಂದೆವು. ಅವರೂ ಸುಮ್ಮನಾದರು.

ಮುಂದಿನ ಭಾನುವಾರ ಆ ಊರಿಗೆ ಹೋದೆವು. ಕ್ಯಾಮೆರಾ ಒಯ್ಯಲಿಲ್ಲ. ಮನೆ ಹುಡುಕಿ, ಯಾರು ಎಂದು ಹೇಳಿದೆವು. ತಂದೆ ಮಾತಾಡಲಿಲ್ಲ, ಎದ್ದು ಹಿತ್ತಲಿಗೆ ಹೋದರು. ಆ ತಾಯಿ ನಮ್ಮ ಮುಖ ನೋಡಿದರು. “ನೀವೇನು ಫೋಟೋ ಕೇಳಿದವ್ರು” ಅಂದರು. ತಪ್ಪಾಯಿತು ಎಂದು ಹೇಳಲು ಹೋದೆವು. ಅವರು ಅದಕ್ಕೆ ಗಮನ ಕೊಡಲಿಲ್ಲ.

“ಫೋನ್ ಎತ್ತಿ ಹೇಳಬೇಕಿತ್ತು ತಮ್ಮಾ. ನಾ ಒಂದು ತಾಸು ಬಾಗಿಲದಾಗ ನಿಂತಿದ್ನಿ.”

ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಕೇಳುವಂಥ ಮಾತೂ ಅದಲ್ಲ. ಹೊರಡುವಾಗ ಕುಡಿಯಲು ನೀರು ಕೊಟ್ಟರು.

ಸಂಗೀತ ಕೇಳಿದ್ದರಿಂದ ನಮ್ಮ ತಪ್ಪು ಸಣ್ಣದಾಯಿತು ಎಂದು ನಾವು ಹೇಳುತ್ತಿಲ್ಲ. ಸಣ್ಣದಾಗಿಲ್ಲ. ನಿದ್ದೆ ಬಾರದ, ಕೈ ನಡುಗುವ ಸ್ಥಿತಿಯಲ್ಲಿ ಆ ಮನೆಯ ಬಾಗಿಲಿಗೆ ಹೋಗುವ ಧೈರ್ಯ ನಮಗೆ ಬರುತ್ತಿರಲಿಲ್ಲ ಎಂಬುದಷ್ಟೇ ಗೊತ್ತು. ತಂಬೂರಿಯೊಂದೇ ಸಾಲಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಕುಡಿತಕ್ಕೆ ಬಿದ್ದವನು ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದ, ಆಮೇಲೆ ಡಾಕ್ಟರ್ ಹತ್ತಿರವೂ ಹೋದ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲೆಗಳಲ್ಲಿ ಹೆಣ ನೋಡಿ ಬಂದು ಒಬ್ಬರೇ ಮಲಗುವ ಸ್ಟ್ರಿಂಜರ್ ಗೆಳೆಯರು ಈ ನಂಬರ್ ಬರೆದಿಟ್ಟುಕೊಳ್ಳಿ.

ನಾವು ಮೂವರೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಮನೆಯವರಿಗೆ ತಿಳಿದಿದೆ ಎಂದು ಪೊಲೀಸರು ಖಚಿತಪಡಿಸುವವರೆಗೆ ಆ ಮನೆಗೆ ಫೋನ್ ಇಲ್ಲ, ಹೆಸರಿಲ್ಲ, ಫೋಟೋ ಇಲ್ಲ. ಕಳೆದ ಮಳೆಗಾಲದಲ್ಲಿ ಇದರಿಂದ ಒಂದು ಸುದ್ದಿ ಇಪ್ಪತ್ತು ನಿಮಿಷ ತಡವಾಯಿತು. ಡೆಸ್ಕ್‌ನವರು ಬೈದರು. ಆ ತಿಂಗಳು ಒಬ್ಬನ ಲೆಕ್ಕದಲ್ಲಿ ಮೂರು ಸುದ್ದಿ ಕಮ್ಮಿಯಾದವು. ಬಾಡಿಗೆಗೆ ಉಳಿದಿಬ್ಬರು ಸೇರಿಸಿದೆವು.

ಮೇಷ್ಟ್ರಿಗೆ ಈಗ ಕೆಮ್ಮು ಜಾಸ್ತಿ. ಹಾಡುವುದು ಕಮ್ಮಿಯಾಗಿದೆ. ತಂಬೂರಿ ಮೀಟಲು ನಮ್ಮಲ್ಲೊಬ್ಬನಿಗೆ ಕಲಿಸಿದ್ದಾರೆ. ಅವನು ಮೀಟುತ್ತಾನೆ, ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಾರೆ. ಬೆರಳು ತಪ್ಪಿದರೆ ಕಣ್ಣು ತೆರೆಯದೆ, “ಗಡಿಬಿಡಿ ಮಾಡಬ್ಯಾಡೋ, ಬಸ್ ಹೋಗಾಂಗಿಲ್ಲ” ಅನ್ನುತ್ತಾರೆ.

ಹನ್ನೊಂದಕ್ಕೆ ಜೋಳದ ಡಬ್ಬಿಯ ಮೇಲಿನಿಂದ ಫೋನ್ ತೆಗೆದು ಆನ್ ಮಾಡುತ್ತೇವೆ. ಮಿಸ್ಡ್ ಕಾಲ್‌ಗಳು ಬಂದಿರುತ್ತವೆ. ಒಂದೊಂದಕ್ಕೂ ವಾಪಸ್ ಫೋನ್ ಮಾಡುತ್ತೇವೆ.